ಶಾಂಪೂ ಬಾಟಲಿಗೆ ರಿಬ್ಬನ್ ಕಟ್ಟೋಕಾಗಲ್ಲ

ವೈರಸ್ ಜ್ವರಕ್ಕೆ ಎಳೆಗೂಸುಗಳು ಉಸಿರುಗಟ್ಟಿದ ಸುದ್ದಿ ಟಿವಿಯಲ್ಲಿ ಬಂದರೆ ಸಾಕು, ‘ಜಿಲ್ಲೆಗೊಂದು ಎಕ್ಮೋ ಕೊಡಿ’ ಎಂಬ ಕೂಗು ಏಳುತ್ತದೆ. ಕೊಡಿ ಮಾರಾಯ್ರೇ, ಯಾರು ಬೇಡ ಅಂದರು? ಅದನ್ನು ನಡೆಸುವ ಪರ್ಫ್ಯೂಷನಿಸ್ಟ್, ಹಗಲೂ ರಾತ್ರಿ ಪಕ್ಕದಲ್ಲೇ ನಿಲ್ಲುವ ನರ್ಸ್, ಕೇಳಿದ ಕೂಡಲೇ ಸಿಗುವ ರಕ್ತ, ಇವೂ ಅದೇ ಲಾರಿಯಲ್ಲಿ ಬರುತ್ತವೆಯೋ? ಕತ್ತಿನ ರಕ್ತನಾಳಕ್ಕೆ ಕೊಳವೆ ತೂರಿಸಿ, ಮಗುವಿನ ರಕ್ತವನ್ನು ಹೊರಗೆಳೆದು, ಆಮ್ಲಜನಕ ತುಂಬಿ ಒಳಗೆ ಕಳಿಸುವ ಯಂತ್ರವದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹೆಚ್ಚಾದರೆ ಮಿದುಳಲ್ಲಿ ರಕ್ತಸ್ರಾವ, ಕಡಿಮೆಯಾದರೆ ಕೊಳವೆಯಲ್ಲಿ ಹೆಪ್ಪು. ಪಳಗಿದ ಕೈಗಳಿರುವ ಕಡೆಯೇ, ಶ್ವಾಸಕೋಶ ಸೋತು ಎಕ್ಮೋ ಏರಿದ ಹತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ವರು ಮನೆಗೆ ಮರಳುವುದಿಲ್ಲ.

ಢಾಕಾದ ಡಾ. ಮೊಹಮ್ಮದ್ ಜೋಬಾಯೆರ್ ಚಿಶ್ತಿ ಮಾಡಿದ್ದು ನೋಡಿ. ಶಾಂಪೂ ಬಾಟಲಿಗೆ ನೀರು ತುಂಬಿದರು, ಮಗು ಉಸಿರು ಬಿಡುವ ಕೊಳವೆಯ ತುದಿಯನ್ನು ಅದರಲ್ಲಿ ಮುಳುಗಿಸಿದರು. ಬುಳುಬುಳು ಗುಳ್ಳೆ ಏಳುತ್ತಿದ್ದರೆ ಅದೇ ಒತ್ತಡ ಶ್ವಾಸಕೋಶ ಮುದುಡದಂತೆ ಕಾಯುತ್ತದೆ. ಬಬಲ್ ಸಿಪ್ಯಾಪ್ ಎಂದರೆ ಇಷ್ಟೇ. 2015ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಪ್ರಕಟಿಸಿದ ಲೆಕ್ಕ: ತೀವ್ರ ನ್ಯುಮೋನಿಯಾದಲ್ಲಿ ಮೂಗಿನ ನಳಿಕೆಯಿಂದ ಮಾಮೂಲಿ ಆಮ್ಲಜನಕ ಪಡೆದವರಲ್ಲಿ ಶೇ 15 ಸಾವು, ಬಾಟಲಿ ಗುಂಪಿನಲ್ಲಿ ಶೇ 4. ಹದಿನೈದು ಎಲ್ಲಿ, ನಾಲ್ಕು ಎಲ್ಲಿ! ವಿಧಾನಸೌಧದ ಗೋಡೆ ಮೇಲೆ ಬರೆಸಬೇಕಾದ ಅಂಕಿ ಇದು. ಆದರೆ ಬಾಟಲಿ ಮುಂದೆ ನಿಂತು ಮಂತ್ರಿಗಳು ರಿಬ್ಬನ್ ಕತ್ತರಿಸುವುದು ಹೇಗೆ? ಟೆಂಡರ್ ಇಲ್ಲದ ಮೇಲೆ ಪರ್ಸೆಂಟೇಜ್ ಎಲ್ಲಿಂದ?

ಯಂತ್ರದ ಹುಚ್ಚು ಕೋವಿಡ್‌ನಲ್ಲೇ ಬಿಡಬೇಕಿತ್ತು. 2021ರಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠದ ಮುಂದೆ ಬಂದ 150 ವೆಂಟಿಲೇಟರ್‌ಗಳ ಕತೆ ನೆನಪಿದೆಯೇ? ಬಳಕೆಗೆ ತೆಗೆದ 113 ಕೆಟ್ಟಿದ್ದವು, ಉಳಿದವು ಪೆಟ್ಟಿಗೆಯಲ್ಲೇ ಇದ್ದವು.

ಮಲಾವಿಯಲ್ಲಿ ನಡೆದ ಪ್ರಯೋಗದಲ್ಲಿ ಬಬಲ್ ಸಿಪ್ಯಾಪ್ ಸೋತಿತಲ್ಲ ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ಸೋತಿತು, ನಿಜ. ಅಲ್ಲಿ ದಿನನಿತ್ಯ ವೈದ್ಯರ ನಿಗಾ ಇರಲಿಲ್ಲ. ನಾನು ಬಡಕೊಳ್ಳುತ್ತಿರುವುದೂ ಅದನ್ನೇ. ಕೂಸಿನ ಪಕ್ಕೆಲುಬಿನ ಸಂದು ಒಳಗೆ ಸೆಳೆಯುವುದನ್ನು, ಮೂಗಿನ ಹೊಳ್ಳೆ ಅರಳುವುದನ್ನು ರಾತ್ರಿ ಎರಡು ಗಂಟೆಗೆ ಗುರುತಿಸುವ ಕಣ್ಣು ಬೇಕು. ಅಂಥ ಕಣ್ಣಿರುವ ನರ್ಸನ್ನು ನಾವು ಗುತ್ತಿಗೆ ಮೇಲೆ ದುಡಿಸುತ್ತೇವೆ. ಕಾಯಂ ಮಾಡಿ ಎಂದು ಫ್ರೀಡಂ ಪಾರ್ಕಿನಲ್ಲಿ ಕೂತರೆ ಖಜಾನೆ ಖಾಲಿ ಅನ್ನುತ್ತೇವೆ. ಮೂರ್ತಿ ನಿಲ್ಲಿಸುವಾಗ, ಉತ್ಸವ ಮಾಡುವಾಗ ಈ ಖಜಾನೆ ಹೇಗೆ ತುಂಬಿಕೊಳ್ಳುತ್ತದೋ!

ಎಕ್ಮೋ ಬೆಂಗಳೂರಿನ ದೊಡ್ಡಾಸ್ಪತ್ರೆಗಳಲ್ಲಿ ಇರಲಿ. ಯಾದಗಿರಿಯ ಕೂಸು ಸುಮಾರು ಐನೂರು ಕಿಲೋಮೀಟರ್ ದಾಟಿ ಅಲ್ಲಿಗೆ ಮುಟ್ಟುವುದಿಲ್ಲ. ಆರೋಗ್ಯ ಸಚಿವರು ಒಂದೇ ಉತ್ತರ ಕೊಡಲಿ: ಇವತ್ತು ರಾತ್ರಿ ಯಾದಗಿರಿಯ ಮಕ್ಕಳ ವಾರ್ಡಿನಲ್ಲಿ ಎಷ್ಟು ನರ್ಸ್ ಇದ್ದಾರೆ?