ಬಾಯ್ಲರಿಗೆ ಇನ್ಸ್‌ಪೆಕ್ಟರು, ಒಲೆಗೆ ಯಾರು?

ಗಿರಣಿಯ ಬಾಯ್ಲರಿಗೆ ಕಾನೂನಿನ ಕಾವಲಿದೆ. 1923ರಲ್ಲಿ ಬಾಯ್ಲರ್ ಕಾಯಿದೆ ಬಂದಂದಿನಿಂದ, ಇನ್ಸ್‌ಪೆಕ್ಟರು ನೋಡಿ ಪ್ರಮಾಣಪತ್ರ ಕೊಡದೆ ಬಾಯ್ಲರಿಗೆ ಬೆಂಕಿ ಹಾಕುವಂತಿಲ್ಲ. ಅದರ ಹೊಗೆ ಎತ್ತರದ ಚಿಮಣಿಯಿಂದ ಹೊರಹೋಗುತ್ತದೆ. ಆದರೆ ಅದೇ ಗಿರಣಿಯಲ್ಲಿ ದುಡಿದು ಬರುವ ಕಾರ್ಮಿಕನ ಮನೆಯಲ್ಲಿ, ಗೂಡಿಲ್ಲದ ಗೋಡೆಯ ಪಕ್ಕದಲ್ಲಿ, ಅವನ ಹೆಂಡತಿ ದಿನಕ್ಕೆರಡು ಬಾರಿ ಊದುಗೊಳವೆ ಹಿಡಿದು ಹೊಗೆ ಕುಡಿಯುತ್ತಾಳೆ. ಆ ಒಲೆಯನ್ನು ನೋಡುವವರು ಯಾರು? ಈ ವಾರ ನಾವು ಕೇಳುವ ಪ್ರಶ್ನೆ ಇದು.

ಮನೆಮನೆಗೂ ಗ್ಯಾಸು ಬಂದಿರುವಾಗ ಸೌದೆ ಒಲೆಯ ಮಾತೇಕೆ ಎಂದು ಕೆಲವರು ಕೇಳಿಯಾರು. 2016ರಲ್ಲಿ ಉಜ್ವಲಾ ಯೋಜನೆ ಬಂದು ಬಡವರ ಮನೆಗೂ ಸಿಲಿಂಡರು ತಲುಪಿತು, ನಿಜ. ಆದರೆ ಅನ್ನ ಬೇಯಿಸುವುದು ಸಂಪರ್ಕದ ಪತ್ರವಲ್ಲ, ಸಿಲಿಂಡರಿನೊಳಗಿನ ಅನಿಲ. ತಿಂಗಳ ಕೊನೆಯಲ್ಲಿ ಅದನ್ನು ಮತ್ತೆ ತುಂಬಿಸಲು ಕೈಯಲ್ಲಿ ಕಾಸಿಲ್ಲದವನು ಸೌದೆಗೇ ಹಿಂತಿರುಗುತ್ತಾನೆ. ಗ್ಯಾಸಿರುವ ಎಷ್ಟೋ ಮನೆಗಳಲ್ಲಿಯೂ ಬಚ್ಚಲ ಹಂಡೆಯ ಕೆಳಗೆ ಉರಿಯುವುದು ಸೌದೆ, ತೆಂಗಿನಮಟ್ಟೆ, ಸೋಗೆಯೇ. ಒಲೆ ಹೋಗಿಲ್ಲ, ಅದರ ಬಗ್ಗೆ ಮಾತು ಹೋಗಿದೆ, ಅಷ್ಟೆ.

ಹೊಗೆ ಕಣ್ಣುರಿಗೆ ಮುಗಿಯುವುದಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳು. ಮಕ್ಕಳಿಗೆ ನ್ಯುಮೋನಿಯಾ, ಹೆಂಗಸರಿಗೆ ಬಿಡದ ಕೆಮ್ಮು, ಉಬ್ಬಸ, ಹೃದ್ರೋಗ: ಇವೆಲ್ಲ ಹಣೆಬರಹವಲ್ಲ, ಹೊಗೆಯ ಬರಹ.

ಇನ್ನು ಬೆಂಕಿಯ ಮಾತು. ನಮ್ಮ ಊರಿನ ಮರದ ಹಳೆಯ ಅರಮನೆ 1897ರಲ್ಲಿ, ರಾಜಕುಮಾರಿಯ ಮದುವೆಯ ಸಂಭ್ರಮದ ದಿನಗಳಲ್ಲಿ, ಸುಟ್ಟುಹೋಯಿತು. 1912ರ ಹೊತ್ತಿಗೆ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣದ ಹೊಸ ಅರಮನೆ ಎದ್ದು ನಿಂತಿತು. ವೆಚ್ಚ 41 ಲಕ್ಷ ರೂಪಾಯಿಗೂ ಮೀರಿತು. ಬಡವನ ಮನೆ ಸುಟ್ಟರೆ ಕಟ್ಟಿಕೊಡುವ ಬೊಕ್ಕಸ ಯಾವುದೂ ಇಲ್ಲ. ಆದ್ದರಿಂದ ಎಚ್ಚರವೇ ಅವನ ಬೊಕ್ಕಸ. ಓದುಗರು ಈ ಕೆಳಗಿನ ಮಾತುಗಳನ್ನು ಮನೆಯಲ್ಲಿ ಓದಿ ಹೇಳಬೇಕೆಂದು ಕೋರುತ್ತೇವೆ.

ಮೊದಲನೆಯದು ಸೌದೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ತೂಕಕ್ಕೆ ಕೊಳ್ಳುವವನು ಆ ನೀರಿಗೂ ಸೌದೆಯ ಬೆಲೆ ತೆರುತ್ತಾನೆ. ಒಲೆಯಲ್ಲಿ ಆ ನೀರು ಆರುವವರೆಗೆ ಬರೀ ಹೊಗೆ. ಡಿಪೋ ನಡೆಸುವ ವ್ಯಾಪಾರಿ ಬಂಧುಗಳು ಸೌದೆಯನ್ನು ಸೀಳಿ, ಮಳೆ ಬೀಳದಂತೆ ಒಟ್ಟಿ, ಒಣಗಿಸಿ ಮಾರಲಿ. ಒಣಸೌದೆಗೆ ನ್ಯಾಯವಾದ ಬೆಲೆ ಕೇಳಿದರೆ ಯಾರೂ ಬೇಸರಿಸರು. ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್, ಟೈರಿನ ತುಂಡುಗಳನ್ನು ಒಲೆಗೆ ಹಾಕಲೇಬಾರದು.

ಎರಡನೆಯದು ಹೊಗೆಗೂಡು. ಕೊಳವೆ ಸೂರಿಗಿಂತ ಕನಿಷ್ಠ 2 ಅಡಿ ಮೇಲಿರಬೇಕು. ತೀರು, ರೀಪುಗಳಿಗೆ ತಾಗಬಾರದು. ಒಳಗೆ ಕಟ್ಟುವ ಮಸಿಯನ್ನು ತಿಂಗಳಿಗೊಮ್ಮೆ, ಒಲೆ ಪೂರ್ತಿ ಆರಿರುವಾಗ, ಕೆಡವಬೇಕು. ಮಸಿ ಕಟ್ಟಿದರೆ ಹೊಗೆ ಮನೆಗೆ ತಿರುಗುತ್ತದೆ. ಆ ಮಸಿಗೇ ಬೆಂಕಿ ಹತ್ತುವುದೂ ಉಂಟು. ಗೂಡಿಲ್ಲದ ಕಡೆ ಒಲೆಯ ಎದುರಿನ ಬಾಗಿಲು, ಮೇಲಿನ ಗವಾಕ್ಷಿ ಎರಡೂ ತೆರೆದಿರಲಿ. ಒಲೆಯ ಬಿರುಕುಗಳಿಗೆ ಆಗಾಗ ಮಣ್ಣು ಮೆತ್ತಬೇಕು.

ಮೂರನೆಯದು ಬೆಂಕಿಯ ಶಿಸ್ತು. ಉರಿಯದ ಸೌದೆಗೆ ಸೀಮೆಎಣ್ಣೆ ಸುರಿಯುವ ಚಟ ಎಷ್ಟೋ ಜೀವಗಳನ್ನು ತಿಂದಿದೆ. ನೈಲಾನ್, ಪಾಲಿಯೆಸ್ಟರ್ ಸೀರೆ ಬೆಂಕಿ ತಗುಲಿದರೆ ಕರಗಿ ಮೈಗಂಟುತ್ತದೆ. ಒಲೆಯ ಮುಂದೆ ಹತ್ತಿಯ ಸೀರೆ, ಬಿಗಿದ ಸೆರಗು ಒಳ್ಳೆಯದು. ಕೆಲಸ ಮುಗಿದ ಮೇಲೆ ಕೊಳ್ಳಿ ಹೊರಗೆಳೆದು ನೀರು ಚಿಮುಕಿಸಬೇಕು. ಬೂದಿಯೊಳಗೆ ಕೆಂಡ ಎಷ್ಟೋ ಹೊತ್ತು ಜೀವ ಹಿಡಿದಿರುತ್ತದೆ. ಅದನ್ನು ತಗಡಿನ ಡಬ್ಬದಲ್ಲಿಟ್ಟು, ತಣ್ಣಗಾದ ಮೇಲೆ ಚೆಲ್ಲಬೇಕು.

ನಾಲ್ಕನೆಯದನ್ನು ಒತ್ತಿ ಹೇಳುತ್ತೇವೆ. ಬಾಣಂತಿಯ ಮಂಚದ ಕೆಳಗೆ ಕೆಂಡವಿಟ್ಟು ಕದ ಕಿಟಕಿ ಮುಚ್ಚುವ ಪದ್ಧತಿ ಬಿಡಬೇಕು. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳದೆಯೇ ಹೋಗುತ್ತಾರೆ. ಬೆಚ್ಚಗಿಡಲು ಕಂಬಳಿಯಿದೆ, ಕೂಸಿಗೆ ತಾಯಿಯ ಮೈಯೇ ಇದೆ.

ಸುಟ್ಟಗಾಯವಾದರೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಬೆಣ್ಣೆ, ಶಾಯಿ, ಪೇಸ್ಟು ಹಚ್ಚಬಾರದು. ಶುಭ್ರ ಬಟ್ಟೆ ಹೊದಿಸಿ, 108ಕ್ಕೆ ಫೋನು ಮಾಡಿ, ಆಸ್ಪತ್ರೆಗೆ ಒಯ್ಯಬೇಕು.

ಹೊಗೆಯಿಲ್ಲದ ಒಲೆ ಕನಸೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ವಿಭಾಗದಿಂದಲೇ ಅಸ್ತ್ರ ಒಲೆ ಬಂತು. ಬೆಂಕಿಗೂಡು ಮುಚ್ಚಿರುತ್ತದೆ, ಕೆಳಗೆ ಗಾಳಿಯಾಡುವ ಜಾಲರಿ, ಮೇಲೆ ಮೂರು ಪಾತ್ರೆಗಳಿಗೆ ಜಾಗ, ಕೊನೆಗೆ ಹೊಗೆಕೊಳವೆ. ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯುತ್ತವೆ, ಸೌದೆ ಉಳಿಯುತ್ತದೆ. ಕೇಂದ್ರ ಸರ್ಕಾರವೂ 1983ರಿಂದ 2002ರವರೆಗೆ ಸುಧಾರಿತ ಒಲೆಗಳ ಯೋಜನೆ ನಡೆಸಿ 3 ಕೋಟಿಗೂ ಮೀರಿ ಒಲೆಗಳನ್ನು ಹಾಕಿಸಿತು. ಆದರೆ ಹಾಕಿದವರು ಲೆಕ್ಕ ಬರೆದು ಹೋದರು. ಕೊಳವೆ ಕಟ್ಟಿದಾಗ, ಜಾಲರಿ ಮುರಿದಾಗ ನೋಡುವವರಿರಲಿಲ್ಲ. ಬಹಳಷ್ಟು ಒಲೆಗಳು ಹಾಗೆಯೇ ಮೂಲೆ ಸೇರಿದವು. ಕಟ್ಟುವುದು ಒಂದು ದಿನದ ಕೆಲಸ, ಕಾಪಾಡುವುದು ನಿತ್ಯದ ಕೆಲಸ ಎಂಬ ಪಾಠ ಇದರಲ್ಲಿದೆ.

ಆ ನಿತ್ಯದ ಕೆಲಸವನ್ನು ಹೆಂಗಸರ ಮೇಲೆಯೇ ಹೊರಿಸಿ ಗಂಡಸರು ಕೈತೊಳೆದುಕೊಳ್ಳುವುದು ಸಲ್ಲದು. ಗಿರಣಿಯಲ್ಲಿ ಯಂತ್ರ ಒರೆಸಿ ಎಣ್ಣೆ ಹಾಕುವ ಕೈಗೆ ಮನೆಯ ಕೊಳವೆಯ ಮಸಿ ಕೆಡವುವುದು ಅವಮಾನವೇ? ಭಾನುವಾರದ ಅರ್ಧ ಗಂಟೆ ಸಾಕು.

ಬಾಡಿಗೆದಾರ ತಾನೇ ಗೋಡೆ ಒಡೆದು ಗೂಡು ಕಟ್ಟಲಾರ. ಬಾಡಿಗೆ ಎಣಿಸುವ ಮಾಲೀಕನದು ಆ ಹೊಣೆ. ಮನೆ ಕಂದಾಯಕ್ಕೆ ಅಡಿ ಅಂಗುಲ ಅಳೆಯಬಲ್ಲ ನಗರಪಾಲಿಕೆಗೆ, ಹೊಗೆಗೂಡು ಇದೆಯೇ ಇಲ್ಲವೇ ಎಂದು ನೋಡಲು ಕಷ್ಟವೇನು? ಪ್ಲೇಗಿನ ಹೊಡೆತದ ನಂತರ, 1903ರಲ್ಲಿ, ಇದೇ ಮೈಸೂರಿನಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿತು. ಗಾಳಿ ಬೆಳಕು ಊರಿನ ಹೊಣೆ ಎಂಬುದನ್ನು ಆಗ ಒಪ್ಪಲಾಯಿತು. ಅಡಿಗೆಮನೆಯ ಗಾಳಿಯೂ ಆ ಹೊಣೆಗೆ ಸೇರಲಿ. ಮೊಹಲ್ಲಾಕ್ಕೊಬ್ಬ ಒಲೆ ಬಲ್ಲ ಗಾರೆಯವನಿರಲಿ, ಗೂಡಿಲ್ಲದ ಮನೆಗಳ ಪಟ್ಟಿಯಾಗಲಿ, ಸಿಲಿಂಡರಿನ ಬೆಲೆ ಕೂಲಿಗಾರನ ಕೈಗೆಟುಕಲಿ. ಅಲ್ಲಿಯವರೆಗೆ ಪ್ರತಿ ಮನೆಯೂ ತನ್ನ ಒಲೆಗೆ ತಾನೇ ಇನ್ಸ್‌ಪೆಕ್ಟರಾಗಲಿ.