ಫ್ರೇಸಲ್ ವರ್ಬ್ ಪಟ್ಟಿ ಬಾಯಿಪಾಠ ಮಾಡಿದರೆ ಇಂಗ್ಲಿಷ್ ಬರುತ್ತದೆಯೇ?

‘ಈ 100 ಫ್ರೇಸಲ್ ವರ್ಬ್ ಬಾಯಿಪಾಠ ಮಾಡಿ, ಒಂದೇ ತಿಂಗಳಲ್ಲಿ ಪಟಪಟ ಇಂಗ್ಲಿಷ್ ಮಾತಾಡಿ.’ ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಒಂದೇ ಒಂದು ಕನ್ನಡ ಅರ್ಥ, ಕೊನೆಯಲ್ಲಿ ‘ಎಲ್ಲರಿಗೂ ಕಳಿಸಿ’ ಎಂಬ ಮನವಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜು ಸೇರಿದವರಿಗೆ ಇಂಥ ಪಟ್ಟಿ ಕಂಡರೆ ಆಸೆಯಾಗುವುದು ಸಹಜ. ಆದರೆ ಪಟ್ಟಿ ಹೇಳುವುದು ನಿಜವೇ?

ಚಿಕ್ಕ ಉತ್ತರ: ಅರ್ಧ ಸತ್ಯ. ಇವು ಬಹಳ ಬಳಕೆಯ ಮಾತುಗಳು ಎಂಬುದು ನಿಜ. ಪಟ್ಟಿ ಉರು ಹೊಡೆದರೆ ಮಾತು ಬರುತ್ತದೆ ಎಂಬುದು ನಿಜವಲ್ಲ.

ಫ್ರೇಸಲ್ ವರ್ಬ್ ಅಂದರೆ ಏನು?

ಒಂದು ಸರಳ ಕ್ರಿಯಾಪದದ ಹಿಂದೆ ‘ಅಪ್’, ‘ಔಟ್’, ‘ಆಫ್’, ‘ಆನ್’ನಂಥ ಪುಟ್ಟ ಪದ ಸೇರಿ ಹೊಸ ಅರ್ಥ ಹುಟ್ಟಿದರೆ ಅದು ಫ್ರೇಸಲ್ ವರ್ಬ್. ‘ಗಿವ್’ ಅಂದರೆ ಕೊಡು, ‘ಅಪ್’ ಅಂದರೆ ಮೇಲೆ. ಆದರೆ ‘ಗಿವ್ ಅಪ್’ ಅಂದರೆ ಮೇಲೆ ಕೊಡು ಎಂದಲ್ಲ, ಕೈಬಿಡು ಎಂದು.

ಇದು ಹೊರಗಿನವರಿಗೆ ಕಷ್ಟ ಎಂಬುದು ಹೊಸ ಮಾತಲ್ಲ. 1755ರಲ್ಲಿ ಪ್ರಸಿದ್ಧ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಬೇರೆ ಭಾಷೆಯವರಿಗೆ ಬಹುಶಃ ಅತಿ ಕಷ್ಟವಾಗುವುದು ಇಂಥ ಜೋಡಿಗಳೇ ಎಂದು ಅದರ ಮುನ್ನುಡಿಯಲ್ಲೇ ಬರೆದಿದ್ದ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ, 1925ರಲ್ಲಿ ಪ್ರಕಟವಾದ ಲೋಗನ್ ಪಿಯರ್ಸಲ್ ಸ್ಮಿತ್ ಅವರ ಪುಸ್ತಕದಿಂದ.

ನಮ್ಮ ಮಾತಿನಲ್ಲೂ ಇದೇ ಇದೆ

ಇದು ಇಂಗ್ಲಿಷಿನಲ್ಲಷ್ಟೇ ಇರುವ ವಿಚಿತ್ರ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ‘ಕೈ’ ಎಂಬ ಒಂದು ಪದ ನೋಡಿ. ಮಳೆ ಕೈಕೊಟ್ಟಿತು, ಹತ್ತಿ ಬೆಳೆ ಕೈಹಿಡಿಯಿತು, ಕೆಲಸ ಕೈಗೂಡಿತು, ಅವಕಾಶ ಕೈತಪ್ಪಿತು, ಡಾಕ್ಟರು ಕೈಚೆಲ್ಲಿದರು. ಮಳೆಗೆ ಕೈ ಇಲ್ಲ, ಅದು ಯಾರಿಗೂ ಏನೂ ಕೊಡಲೂ ಇಲ್ಲ. ಆದರೂ ರಾಮದುರ್ಗದ ರೈತನಿಗೆ ಆ ಮಾತಿನ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಈ ಭಾಗದ ‘ಹತ್ತು’ ನೋಡಿ. ಬಸ್ ಹತ್ತು ಎಂದರೆ ಏರು. ಬೆಂಕಿ ಹತ್ತೈತಿ ಎಂದರೆ ಉರಿಯತೊಡಗಿದೆ. ಬೆನ್ನು ಹತ್ತು ಎಂದರೆ ಹಿಂಬಾಲಿಸು. ಕೂಸು ಅಳಾಕ ಹತ್ತೈತಿ ಎಂದರೆ ಅಳುತ್ತಿದೆ. ಮೈಸೂರಿನ ಕಡೆಯಿಂದ ಹೊಸದಾಗಿ ಬಂದವರು ಕೊನೆಯದನ್ನು ಕೇಳಿ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಸವದತ್ತಿಯ ಮೂರು ವರ್ಷದ ಮಗು ತಬ್ಬಿಬ್ಬಾಗುವುದಿಲ್ಲ.

ಎರಡು ಭಾಷೆಗಳ ಕಟ್ಟು ಬೇರೆ. ನಾವು ಕ್ರಿಯಾಪದವನ್ನು ಕೊನೆಗೆ ಇಡುತ್ತೇವೆ, ಇಂಗ್ಲಿಷಿನವರು ಪುಟ್ಟ ಪದವನ್ನು ಕ್ರಿಯಾಪದದ ನಂತರ ಇಡುತ್ತಾರೆ. ಆದರೆ ನಡೆಯುವುದು ಒಂದೇ: ಅರ್ಥ ಬಿಡಿ ಪದದಲ್ಲಿಲ್ಲ, ಜೋಡಿಯಲ್ಲಿದೆ. ಕನ್ನಡದ ಮಗು ಇದನ್ನು ಪಟ್ಟಿಯಿಂದ ಕಲಿಯಲಿಲ್ಲ, ಸಂದರ್ಭದಿಂದ ಕಲಿಯಿತು.

ಪಟ್ಟಿ ಸೋಲುವುದು ಎಲ್ಲಿ?

ಅಮೆರಿಕದ ಸಂಶೋಧಕರಾದ ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವಿಸ್ 2007ರಲ್ಲಿ 10 ಕೋಟಿ ಪದಗಳ ಇಂಗ್ಲಿಷ್ ಬರಹ–ಮಾತುಗಳ ಸಂಗ್ರಹವನ್ನು ಜಾಲಾಡಿದರು. ಫ್ರೇಸಲ್ ವರ್ಬ್ ಬಳಕೆಯ ಅರ್ಧಕ್ಕಿಂತ ಹೆಚ್ಚು ಪಾಲು ಕೇವಲ 100 ಜೋಡಿಗಳದ್ದು ಎಂದು ಕಂಡುಬಂತು. ಅಂದರೆ ‘100 ಕಲಿಯಿರಿ’ ಎನ್ನುವುದಕ್ಕೆ ಆಧಾರವಿದೆ. ಆದರೆ ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ಹೇಳಿತು: ಆ 100 ಜೋಡಿಗಳಿಗೆ ಒಟ್ಟು 559 ಅರ್ಥಗಳಿವೆ. ಸರಾಸರಿ ಒಂದೊಂದಕ್ಕೆ ಐದಕ್ಕಿಂತ ಹೆಚ್ಚು.

‘ಪಿಕ್ ಅಪ್’ ತೆಗೆದುಕೊಳ್ಳಿ. ಪಟ್ಟಿಯಲ್ಲಿ ‘ಎತ್ತಿಕೊಳ್ಳು’ ಎಂದಷ್ಟೇ ಇರುತ್ತದೆ. ಆದರೆ ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಬರುವುದೂ, ಫೋನ್ ಎತ್ತುವುದೂ, ಕೇಳಿ ಕೇಳಿ ಭಾಷೆ ಕಲಿಯುವುದೂ, ವ್ಯಾಪಾರ ಚೇತರಿಸುವುದೂ ‘ಪಿಕ್ ಅಪ್’. ಒಂದೇ ಅರ್ಥ ಕಲಿತವನು ಉಳಿದ ಕಡೆ ಎಡವುತ್ತಾನೆ, ತನಗೆ ಇಂಗ್ಲಿಷ್ ಒಗ್ಗುವುದಿಲ್ಲ ಎಂದುಕೊಂಡು ಬಾಯಿ ಮುಚ್ಚುತ್ತಾನೆ. ತಪ್ಪು ಅವನದಲ್ಲ, ಪಟ್ಟಿಯದು.

ಸಮಾಧಾನದ ಸಂಗತಿಯೂ ಇದೆ. 2015ರಲ್ಲಿ ಮೆಲೋಡಿ ಗಾರ್ನಿಯೆ ಮತ್ತು ನಾರ್ಬರ್ಟ್ ಶ್ಮಿಟ್ 150 ಜೋಡಿಗಳನ್ನು ಪರಿಶೀಲಿಸಿ, ಹೆಚ್ಚಾಗಿ ಬಳಕೆಯಾಗುವ 288 ಅರ್ಥಗಳನ್ನು ಆರಿಸಿದರು. ಅಂದರೆ ಒಂದೊಂದಕ್ಕೆ ಸುಮಾರು ಎರಡು ಅರ್ಥ ತಿಳಿದರೆ ದಿನನಿತ್ಯದ ಬಹುಪಾಲು ದಾರಿ ಸಾಗುತ್ತದೆ.

‘ಪಾಸ್ ಔಟ್’ ತಪ್ಪೇ?

‘ನಾನು ಕಾಲೇಜಿನಿಂದ ಪಾಸ್ ಔಟ್ ಆದೆ ಎನ್ನಬೇಡಿ, ಅದಕ್ಕೆ ಮೂರ್ಛೆ ಹೋದೆ ಎಂದರ್ಥ’ ಎಂಬ ಸಂದೇಶವೂ ಓಡಾಡುತ್ತದೆ. ಇದೂ ಅರ್ಧ ಸತ್ಯ. ಹೊರದೇಶಗಳಲ್ಲಿ ಸಾಮಾನ್ಯ ಅರ್ಥ ಮೂರ್ಛೆ ಹೋಗುವುದೇ. ಆದರೆ ಸೈನ್ಯ, ಪೊಲೀಸ್ ತರಬೇತಿ ಮುಗಿಸುವುದಕ್ಕೆ ಬ್ರಿಟಿಷ್ ಇಂಗ್ಲಿಷಿನಲ್ಲೂ ‘ಪಾಸ್ ಔಟ್’ ಎನ್ನುತ್ತಾರೆ. ‘ಪಾಸಿಂಗ್ ಔಟ್ ಪರೇಡ್’ ಕೇಳಿರುತ್ತೀರಿ. ಭಾರತದಲ್ಲಿ ಹೀಗೆಂದರೆ ಯಾರೂ ಗಾಬರಿಯಾಗುವುದಿಲ್ಲ. ನರ್ಸಿಂಗ್ ಓದಿ ವಿದೇಶಕ್ಕೆ ಹೋಗುವವರು ಮಾತ್ರ ಎಚ್ಚರ ವಹಿಸಬೇಕು. ಅಲ್ಲಿ ರೋಗಿ ‘ಪಾಸ್ಡ್ ಔಟ್’ ಎಂದರೆ ಪ್ರಜ್ಞೆ ತಪ್ಪಿದ ಎಂದು, ‘ಪಾಸ್ಡ್ ಅವೇ’ ಎಂದರೆ ತೀರಿಕೊಂಡ ಎಂದು.

ಪುಟ್ಟ ಪದ, ದೊಡ್ಡ ಲೆಕ್ಕ

ಇಂಗ್ಲಿಷ್ ಮಾತಾಡದವರಿಗೂ ಈ ಪುಟ್ಟ ಪದ ಮುಖ್ಯ. ಬೆಳೆ ವಿಮೆಯನ್ನೇ ನೋಡಿ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2020ರ ಮುಂಗಾರಿನಿಂದ ಐಚ್ಛಿಕವಾಗಿದೆ. ಆದರೆ ಬೆಳೆ ಸಾಲ ಪಡೆದ ರೈತ ಬೇಡವೆಂದು ಬರೆದುಕೊಡದಿದ್ದರೆ ಬ್ಯಾಂಕು ಅವನ ಹೆಸರನ್ನು ಸೇರಿಸಿ ಕಂತು ಕಡಿತ ಮಾಡುತ್ತದೆ. ಬೇಡ ಎನ್ನುವ ಈ ಕ್ರಮಕ್ಕೆ ‘ಆಪ್ಟ್ ಔಟ್’ ಎಂದು ಹೆಸರು. ಅದನ್ನು ನೋಂದಣಿಯ ‘ಕಟ್ ಆಫ್’ ದಿನಾಂಕಕ್ಕೆ 7 ದಿನ ಮೊದಲೇ ಕೊಡಬೇಕು.

‘ಆಪ್ಟ್’ ಎಂದರೆ ಆರಿಸಿಕೊಳ್ಳು ಎಂದಷ್ಟೇ ತಿಳಿದವರು ‘ಆಪ್ಟ್ ಔಟ್’ಗೆ ಸಹಿ ಹಾಕಿದರೆ, ವಿಮೆ ಬೇಕೆಂದುಕೊಂಡು ವಿಮೆಯಿಂದ ಹೊರಗೆ ಉಳಿಯುತ್ತಾರೆ. ಮಳೆ ಕೈಕೊಟ್ಟ ವರ್ಷ ಆ ಸಹಿಯ ಬೆಲೆ ಗೊತ್ತಾಗುತ್ತದೆ. ಆ್ಯಪ್‌ಗಳಲ್ಲೂ ಹೀಗೆಯೇ. ‘ಸೈನ್ ಅಪ್’ ಹೊಸ ಖಾತೆ ತೆರೆಯಲು, ‘ಸೈನ್ ಇನ್’ ಇರುವ ಖಾತೆಯ ಒಳಹೋಗಲು, ‘ಸೈನ್ ಔಟ್’ ಹೊರಬರಲು. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಕೊನೆಯದನ್ನು ಮರೆಯಬಾರದು.

ಹಾಗಾದರೆ ಕಲಿಯುವುದು ಹೇಗೆ?

ದಿನಕ್ಕೆ ಎರಡು ಜೋಡಿ ಸಾಕು. ಅರ್ಥದ ಬದಲು ನಿಮ್ಮ ಮನೆಯದೇ ಒಂದು ವಾಕ್ಯ ಬರೆಯಿರಿ. ‘ಮೈ ಗ್ರ್ಯಾಂಡ್‌ಮದರ್ ಬ್ರಾಟ್ ಮಿ ಅಪ್’, ಅಂದರೆ ನನ್ನನ್ನು ಸಾಕಿ ಬೆಳೆಸಿದ್ದು ಅಜ್ಜಿ, ಎಂಬ ವಾಕ್ಯ ಪಟ್ಟಿಗಿಂತ ಹೆಚ್ಚು ದಿನ ನೆನಪಿರುತ್ತದೆ.

ಪದಗಳ ಕ್ರಮ ಗಮನಿಸಿ. ‘ಟರ್ನ್ ಆಫ್ ದ ಲೈಟ್’, ‘ಟರ್ನ್ ದ ಲೈಟ್ ಆಫ್’ ಎರಡೂ ಸರಿ. ಆದರೆ ‘ಇಟ್’ ಬಂದಾಗ ಅದು ನಡುವೆಯೇ ಇರಬೇಕು: ‘ಟರ್ನ್ ಇಟ್ ಆಫ್’. ಎಲ್ಲ ಜೋಡಿಗಳನ್ನೂ ಹೀಗೆ ಬಿಡಿಸಲಾಗದು. ನೋಡಿಕೊಳ್ಳು ಎಂಬ ಅರ್ಥದ ‘ಲುಕ್ ಆಫ್ಟರ್’ ಯಾವಾಗಲೂ ಜೊತೆಗೇ ಇರುತ್ತದೆ.

ನಿಘಂಟಿನಲ್ಲಿ ಬಿಡಿ ಪದ ಹುಡುಕಬೇಡಿ, ಇಡೀ ಜೋಡಿ ಹುಡುಕಿ. ಜೋಡಿ ನೆನಪಾಗದಿದ್ದರೆ ಒಂಟಿ ಪದ ಬಳಸಿ. ‘ಪುಟ್ ಆಫ್’ ಬದಲು ‘ಪೋಸ್ಟ್‌ಪೋನ್’ ಎಂದರೆ ಯಾರೂ ನಗುವುದಿಲ್ಲ. ಕೈಬಿಡು ಎನ್ನುವಲ್ಲಿ ತ್ಯಜಿಸು ಎಂದ ಹಾಗೆ, ಸ್ವಲ್ಪ ಪುಸ್ತಕದ ವಾಸನೆ ಬರಬಹುದು ಅಷ್ಟೆ.

ಮುಂದಿನ ಬಾರಿ ಆ ಪಟ್ಟಿ ಬಂದರೆ ಹಾಗೆಯೇ ಮುಂದೆ ಕಳಿಸಬೇಡಿ. ಅದರಿಂದ ಒಂದು ಜೋಡಿ ಆರಿಸಿ, ನಿಮ್ಮದೊಂದು ವಾಕ್ಯ ಬರೆದು ಗ್ರೂಪಿಗೆ ಹಾಕಿ. ಓದಿದವರು ಇನ್ನೊಂದು ಬರೆಯಲಿ. ನೀವು ಮೊದಲ ಭಾಷೆ ಕಲಿತದ್ದೂ ಹೀಗೆಯೇ, ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸುತ್ತ.