ಅಭಿಮಾನಿಯ ಅಳತೆಗೋಲು

"ಅಭಿಮಾನ" ಎಂಬ ಮಾತಿನೊಳಗೆ "ಮಾನ" ಎಂಬ ಮಾತು ಅಡಗಿದೆ. ಮಾನವೆಂದರೆ ಮರ್ಯಾದೆ, ಮಾನವೆಂದರೆ ಅಳತೆಯೂ ಹೌದು. ಕವಿಯೊಬ್ಬನಲ್ಲಿಯೋ ಗಾಯಕನೊಬ್ಬನಲ್ಲಿಯೋ ಅಭಿಮಾನವಿಟ್ಟವನು ಮೊದಲನೆಯ ಅರ್ಥವನ್ನು ಹಿಡಿದುಕೊಂಡು ಎರಡನೆಯದನ್ನು ಕೈಬಿಡುತ್ತಾನೆಂಬುದು ತಿಳಿದವರ ದೂರು. ಹೆತ್ತವರಿಗೆ ಹೆಗ್ಗಣ ಮುದ್ದು. ಅಭಿಮಾನಿಗೆ ತಾನು ಮೆಚ್ಚಿದವರ ಅಪಸ್ವರವೂ ಇಂಪು. ಆದ್ದರಿಂದಲೇ ನಾವು ನಮ್ಮ ಮನಸ್ಸಿನಲ್ಲಿ ಒಂದು ಶ್ರೇಣಿಯನ್ನು ಕಲ್ಪಿಸಿಕೊಂಡಿದ್ದೇವೆ: ವಿಮರ್ಶಕನು ಅಳೆಯುತ್ತಾನೆ, ಪತ್ರಕರ್ತನು ವಿಚಾರಿಸಿ ಬರೆಯುತ್ತಾನೆ, ಅಭಿಮಾನಿಯು ಕಣ್ಣು ಮುಚ್ಚಿ ಕೈ ಮುಗಿಯುತ್ತಾನೆ. ಈ ಶ್ರೇಣಿ ಎಲ್ಲ ಕಡೆಯೂ ಸಲ್ಲುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಅಮೆರಿಕದ ಒಂದು ಜನಪ್ರಿಯ ಹಾಡುಗಾರರ ಮೇಳ, ಅದನ್ನು ಕುರಿತು ದಶಕಗಳಿಂದ ಹೊರಬಿದ್ದ ವಾರ್ತೆಗಳು, ಆ ವಾರ್ತೆಗಳನ್ನು ಕುರಿತು ಅಭಿಮಾನಿಗಳು ತಮ್ಮತಮ್ಮಲ್ಲಿ ನಡೆಸಿದ ಚರ್ಚೆ, ಇವನ್ನು ನೋಡಿದಾಗ ನನಗೆ ಹಾಗೆ ತೋರಿದೆ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬ ನಮ್ಮ ಗಾದೆಯನ್ನು ಅಲ್ಲಿ ಪಾಲಿಸಿದವರು ಪತ್ರಿಕೆಗಳವರಿಗಿಂತ ಅಭಿಮಾನಿಗಳೇ ಹೆಚ್ಚು.

ಮೇಳದ ಹೆಸರು ಮಂಕೀಸ್. ಅದು ಹುಟ್ಟಿದ ಬಗೆ ಉಳಿದ ಮೇಳಗಳಂತಲ್ಲ. 1965ರ ಸೆಪ್ಟೆಂಬರಿನಲ್ಲಿ ಹಾಲಿವುಡ್ಡಿನ ಚಿತ್ರೋದ್ಯಮದ ಪತ್ರಿಕೆಗಳಲ್ಲಿ ಒಂದು ಜಾಹೀರಾತು ಬಂತು. ಟೆಲಿವಿಷನ್ ಮಾಲಿಕೆಯೊಂದರಲ್ಲಿ ನಟಿಸಲು ನಾಲ್ವರು ತುಂಟ ಹುಡುಗರು ಬೇಕಾಗಿದ್ದರು. ಬೀಟಲ್ಸ್ ಮೇಳದ ಜನಪ್ರಿಯತೆ ಶಿಖರದಲ್ಲಿದ್ದ ಕಾಲ ಅದು. ಅಂಥದೇ ಒಂದು ಮೇಳದ ಬಾಳನ್ನು ನಗೆನಾಟಕವಾಗಿ ತೋರಿಸಬೇಕೆಂದು ಬಾಬ್ ರಾಫೆಲ್ಸನ್ ಮತ್ತು ಬರ್ಟ್ ಷ್ನೈಡರ್ ಎಂಬ ಇಬ್ಬರು ನಿರ್ಮಾಪಕರು ಯೋಚಿಸಿದ್ದರು. ಮಿಕಿ ಡೊಲೆನ್ಜ್, ಡೇವಿ ಜೋನ್ಸ್, ಮೈಕೆಲ್ ನೆಸ್ಮಿತ್, ಪೀಟರ್ ಟಾರ್ಕ್ ಎಂಬ ನಾಲ್ವರು ಆಯ್ಕೆಯಾದರು. ಇವರಲ್ಲಿ ಜೋನ್ಸ್ ಇಂಗ್ಲೆಂಡಿನವರು, ಉಳಿದವರು ಅಮೆರಿಕದವರು. 1966ರ ಸೆಪ್ಟೆಂಬರ್ 12ರಂದು ಎನ್.ಬಿ.ಸಿ. ಜಾಲದಲ್ಲಿ ಮಾಲಿಕೆ ಆರಂಭವಾಗಿ, 1968ರ ಮಾರ್ಚಿನ ವರೆಗೆ 58 ಕಂತುಗಳು ಪ್ರಸಾರವಾದವು. ನಡುವೆ 1967ರಲ್ಲಿ ಅತ್ಯುತ್ತಮ ಹಾಸ್ಯ ಮಾಲಿಕೆಯೆಂದು ಎಮ್ಮಿ ಪ್ರಶಸ್ತಿಯೂ ಬಂತು. ಬಾಯ್ಸ್ ಮತ್ತು ಹಾರ್ಟ್ ಎಂಬ ಜೋಡಿ ಬರೆದ "ಲಾಸ್ಟ್ ಟ್ರೇನ್ ಟು ಕ್ಲಾರ್ಕ್ಸ್‌ವಿಲ್", ನೀಲ್ ಡೈಮಂಡ್ ಬರೆದ "ಐ ಆಮ್ ಎ ಬಿಲೀವರ್" ಎಂಬ ಹಾಡುಗಳು ಮಾರಾಟದ ಪಟ್ಟಿಯ ತುತ್ತತುದಿಗೇರಿದವು.

ಹೆಸರು ಬಂದ ಹಿಂದೆಯೇ ಅಪವಾದವೂ ಬಂತು. ಈ ಹುಡುಗರು ತಮ್ಮ ಧ್ವನಿಮುದ್ರಿಕೆಗಳಲ್ಲಿ ತಾವೇ ವಾದ್ಯ ನುಡಿಸುವುದಿಲ್ಲ, ಆದ್ದರಿಂದ ಇದು ನಕಲಿ ಮೇಳ ಎಂದು ಪತ್ರಿಕೆಗಳು ಸಾರಿದವು. ಗಮನಿಸಬೇಕಾದ ಸಂಗತಿಯೆಂದರೆ, ಈ ಗುಟ್ಟನ್ನು ಯಾವ ಪತ್ರಿಕೆಯ ಚತುರನೂ ಪತ್ತೆಹಚ್ಚಿದ್ದಲ್ಲ. 1967ರ ಜನವರಿಯಲ್ಲಿ ಮೈಕೆಲ್ ನೆಸ್ಮಿತ್ ಅವರೇ "ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್" ಪತ್ರಿಕೆಯಲ್ಲಿ ಅದನ್ನು ಬಹಿರಂಗವಾಗಿ ಹೇಳಿದರು, ಹೇಳಿದ್ದು ದೂರಾಗಿ. ತಮ್ಮ ಹೆಸರಿನಲ್ಲಿ ಎರಡನೆಯ ಧ್ವನಿಮುದ್ರಿಕೆಯೊಂದು ತಮ್ಮನ್ನು ಕೇಳದೆಯೇ ಪೇಟೆಗೆ ಬಂದಿದ್ದುದು ಅವರನ್ನು ಕೆರಳಿಸಿತ್ತು. ಪತ್ರಿಕೆಗಳು ಆ ಮಾತಿನ ಮೊದಲರ್ಧವನ್ನು ಮಾತ್ರ ಎತ್ತಿಕೊಂಡವು. ಮುಂದೆ ನಡೆದದ್ದನ್ನು ಹೇಳುವ ಸಹನೆ ಬಹಳ ಮಂದಿಗೆ ಇರಲಿಲ್ಲ.

ಮುಂದೆ ನಡೆದದ್ದು ಇಷ್ಟು. ಸಂಗೀತದ ಮೇಲ್ವಿಚಾರಕರಾಗಿದ್ದ ಡಾನ್ ಕಿರ್ಷ್‌ನರ್ ಅವರನ್ನು 1967ರ ಫೆಬ್ರವರಿಯಲ್ಲಿ ಆ ಕೆಲಸದಿಂದ ಬಿಡಿಸಲಾಯಿತು. ನಾಲ್ವರೂ ಸ್ಟುಡಿಯೋದೊಳಗೆ ಕುಳಿತು, ಚಿಪ್ ಡಗ್ಲಸ್ ಎಂಬ ನಿರ್ಮಾಪಕರ ನೆರವಿನಿಂದ, ಬಹುಮಟ್ಟಿಗೆ ತಾವೇ ನುಡಿಸಿ "ಹೆಡ್‌ಕ್ವಾರ್ಟರ್ಸ್" ಎಂಬ ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿದರು. 1967ರ ಮೇ ತಿಂಗಳಲ್ಲಿ ಹೊರಬಂದ ಅದು ಅಮೆರಿಕದ ಪಟ್ಟಿಯಲ್ಲಿ ಒಂದು ವಾರ ಮೊದಲನೆಯ ಸ್ಥಾನದಲ್ಲಿದ್ದು, ಬೀಟಲ್ಸರ "ಸಾರ್ಜೆಂಟ್ ಪೆಪ್ಪರ್ಸ್" ಬಂದ ಮೇಲೆ ಎರಡನೆಯ ಸ್ಥಾನಕ್ಕಿಳಿದು 11 ವಾರ ಅಲ್ಲಿಯೇ ನಿಂತಿತು. ಅದಕ್ಕೂ ಮೊದಲೇ, 1966ರ ಡಿಸೆಂಬರಿನಿಂದ, ಅವರು ಸಭೆಗಳೆದುರು ತಮ್ಮ ವಾದ್ಯಗಳನ್ನು ತಾವೇ ನುಡಿಸುತ್ತಿದ್ದರು. ಮೊದಲ ಧ್ವನಿಮುದ್ರಿಕೆಯಲ್ಲಿಯೂ ನೆಸ್ಮಿತ್ ಬರೆದು ನಿರ್ದೇಶಿಸಿದ ಹಾಡುಗಳಿದ್ದವು. ಅವುಗಳ ಮುದ್ರಣಕ್ಕೆ ಟಾರ್ಕ್ ಗಿಟಾರು ನುಡಿಸಿದ್ದರು. ಕಂಠವಂತೂ ಮೊದಲಿನಿಂದಲೂ ಅವರದೇ.

ಇನ್ನೊಂದು ಮಾತು. ಆ ಕಾಲದ ಲಾಸ್ ಏಂಜಲಿಸಿನಲ್ಲಿ ಸ್ಟುಡಿಯೋದ ವೃತ್ತಿವಾದಕರಿಂದ ನುಡಿಸುವುದು ಸರ್ವೇಸಾಮಾನ್ಯವಾದ ರೂಢಿ. 1965ರಲ್ಲಿ ಹೆಸರಾದ ಬರ್ಡ್ಸ್ ಮೇಳದ "ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್" ಹಾಡಿನಲ್ಲಿ ವಾದ್ಯ ಹಿಡಿದವರು ಆ ಮೇಳದಿಂದ ಮೆಗ್ವಿನ್ ಒಬ್ಬರೇ. ಬೀಚ್ ಬಾಯ್ಸ್ ಮೇಳದ, ಈಗ ಎಲ್ಲರೂ ಹೊಗಳುವ, 1966ರ "ಪೆಟ್ ಸೌಂಡ್ಸ್" ಬಹುಪಾಲು ಇಂಥ ವೃತ್ತಿವಾದಕರ ಕೈಯಿಂದಲೇ ಆದದ್ದು. ಅವರನ್ನು ಯಾರೂ ನಕಲಿ ಎನ್ನಲಿಲ್ಲ. ಟೆಲಿವಿಷನ್ನಿನ ಮಕ್ಕಳೆಂಬ ತಾತ್ಸಾರ ಇದಕ್ಕೆ ಒಂದು ಕಾರಣ; ರೂಢಿಯಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿದ್ದು ಇನ್ನೊಂದು ಕಾರಣವೆಂದು ನನಗೆ ತೋರುತ್ತದೆ. ಸುಮ್ಮನಿದ್ದವರು ಪಾರಾದರು, ಹೇಳಿದವರು ಹೊತ್ತುಕೊಂಡರು.

ಅರ್ಧಸತ್ಯದ ಕಥೆ ಹೀಗಾದರೆ, ಪೂರ್ಣಾಸತ್ಯಗಳ ಕಥೆ ಬೇರೆ. ಕೊಲೆಪಾತಕಿ ಚಾರ್ಲ್ಸ್ ಮ್ಯಾನ್ಸನ್ ಈ ಮೇಳಕ್ಕೆ ಸೇರಲು ಪರೀಕ್ಷೆಗೆ ಬಂದಿದ್ದನೆಂಬ ಕಥೆ ಬಹುಕಾಲ ಅಚ್ಚಾಗುತ್ತಿತ್ತು. ಆಯ್ಕೆ ನಡೆದದ್ದು 1965ರಲ್ಲಿ. ಆತ ಸೆರೆಮನೆಯಿಂದ ಹೊರಬಂದದ್ದು 1967ರ ಮಾರ್ಚಿನಲ್ಲಿ. ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು, ಕಥೆ ಬಿದ್ದುಹೋಗುತ್ತದೆ. ತಾನು ನಗೆಗಾಗಿ ಆಡಿದ ಮಾತನ್ನು ಜನ ನಿಜವೆಂದು ಹಿಡಿದರೆಂದು ಡೊಲೆನ್ಜ್ ಮುಂದೆ ಹೇಳಿದ್ದುಂಟು. ಇನ್ನೊಂದು ಕಥೆ ಗಿಟಾರುವಾದಕ ಜಿಮಿ ಹೆಂಡ್ರಿಕ್ಸ್ ಅವರದು. 1967ರ ಜುಲೈಯಲ್ಲಿ ಅವರು ಮಂಕೀಸ್ ಮೇಳದ ಸಭೆಗಳಲ್ಲಿ ಮೊದಲು ನುಡಿಸುತ್ತಿದ್ದರು. ಡೇವಿಯನ್ನು ಕೂಗಿ ಕರೆಯುತ್ತಿದ್ದ ಎಳೆಯ ಹುಡುಗಿಯರಿಗೆ ಅವರ ಸಂಗೀತ ಬೇಕಿರಲಿಲ್ಲ. ಕೆಲವೇ ದಿನಗಳಲ್ಲಿ ಅವರು ಹೊರಟುಹೋದರು. ಆದರೆ "ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್" ಎಂಬ ಮಹಿಳೆಯರ ಸಂಘ ಆಕ್ಷೇಪಿಸಿ ಅವರನ್ನು ತೆಗೆಸಿತೆಂದು ವಾರ್ತೆ ಹಬ್ಬಿತು. ಅದು ಲಿಲಿಯನ್ ರಾಕ್ಸನ್ ಎಂಬ ಪತ್ರಕರ್ತೆ ವಿನೋದಕ್ಕಾಗಿ ಹೆಣೆದ ಕಟ್ಟುಕಥೆ. ವಿನೋದ ಮರೆತುಹೋಯಿತು, ಕಥೆ ಇತಿಹಾಸವಾಗಿ ಕುಳಿತಿತು.

ಇವನ್ನೆಲ್ಲ ತಿದ್ದಲು ಬೆನ್ನು ಬಿದ್ದವರು ಯಾರು? ಸಂಗೀತವನ್ನು ಕುರಿತು ಘನವಾಗಿ ಬರೆಯುತ್ತಿದ್ದವರಿಗೆ ಈ ಮೇಳ ಲೆಕ್ಕಕ್ಕೇ ಇರಲಿಲ್ಲ. ಕೆಲಸ ಅಭಿಮಾನಿಗಳ ಪಾಲಿಗೆ ಬಿತ್ತು. ಮೇಳ ಚದುರಿಹೋದ ಮೇಲೂ ಅವರು ಸಣ್ಣ ಪತ್ರಿಕೆಗಳನ್ನು ತಾವೇ ಅಚ್ಚು ಹಾಕಿ ಅಂಚೆಯಲ್ಲಿ ಹಂಚಿಕೊಂಡರು; ಹಳೆಯ ಪತ್ರಿಕೆಗಳ ತುಣುಕುಗಳನ್ನು ಕತ್ತರಿಸಿಟ್ಟರು; ಒಂದು ಸಂದರ್ಶನದಲ್ಲಿ ಹೇಳಿದ್ದನ್ನು ಇನ್ನೊಂದರೊಡನೆ ಹೋಲಿಸಿದರು. 1986ರ ಫೆಬ್ರವರಿಯಲ್ಲಿ ಎಂ.ಟಿ.ವಿ. ಜಾಲ ಹಳೆಯ ಕಂತುಗಳನ್ನು ಒಂದೇ ಸಮನೆ ಪ್ರಸಾರ ಮಾಡಿದಾಗ, ಮಾಲಿಕೆ ಮೊದಲು ನಡೆದ ಕಾಲಕ್ಕೆ ಹುಟ್ಟಿಯೇ ಇರದಿದ್ದ ಒಂದು ತಲೆಮಾರು ಈ ಗುಂಪಿಗೆ ಬಂದು ಸೇರಿತು. 2005ರಲ್ಲಿ ಆಂಡ್ರೂ ಸ್ಯಾಂಡೊವಲ್ ಮೇಳದ ದಿನದಿನದ ಚರಿತ್ರೆಯನ್ನು ಒಂದು ದೊಡ್ಡ ಪುಸ್ತಕವಾಗಿ ತಂದರು. ಯಾವ ದಿನ ಯಾವ ಸ್ಟುಡಿಯೋದಲ್ಲಿ ಯಾರು ಏನು ನುಡಿಸಿದರೆಂಬುದನ್ನು ಧ್ವನಿಮುದ್ರಣದ ದಾಖಲೆಗಳಿಂದಲೇ ತೆಗೆದು ಇಟ್ಟಿರುವ ಕೃತಿ ಅದು. ಮೇಳವನ್ನು ಪ್ರೀತಿಸಿದವರಲ್ಲದೆ ಬೇರೆ ಯಾರು ಅಷ್ಟು ಶ್ರಮ ಪಡುತ್ತಿದ್ದರು? ನಿರ್ಲಿಪ್ತನಾದವನಿಗೆ ಅಷ್ಟು ಹೊತ್ತು ಕಾಗದಗಳ ಮುಂದೆ ಕುಳಿತಿರಲು ಕಾರಣವೇ ಇಲ್ಲ.

ಇಲ್ಲಿಗೇ ನಿಲ್ಲಿಸಿದರೆ ನಾನು ಅಭಿಮಾನಿಗಳ ವಕೀಲನಾದೇನು. ಅಪವಾದವನ್ನು ತೊಳೆಯುವುದು ಅಭಿಮಾನಿಗೆ ಕಷ್ಟದ ಕೆಲಸವಲ್ಲ. ಅದರಲ್ಲಿ ಪ್ರೀತಿಯೂ ಸತ್ಯವೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಅವೆರಡೂ ಬೇರೆಯಾಗುವ ಕಡೆ ಅವನ ನಿಜವಾದ ಪರೀಕ್ಷೆ. ಅಂಥ ಒಂದು ಪ್ರಸಂಗವೂ ಇದೇ ಮೇಳದ ಚರಿತ್ರೆಯಲ್ಲಿ ಉಂಟು. 1967ರಲ್ಲಿ ಮಂಕೀಸ್ ಮೇಳದ ಧ್ವನಿಮುದ್ರಿಕೆಗಳು ಮೂರೂವರೆ ಕೋಟಿ ಮಾರಾಟವಾದವು, ಬೀಟಲ್ಸ್ ಮತ್ತು ರೋಲಿಂಗ್ ಸ್ಟೋನ್ಸ್ ಎರಡೂ ಸೇರಿ ಮಾರಿದ್ದಕ್ಕಿಂತ ಅದು ಹೆಚ್ಚು ಎಂಬ ಮಾತನ್ನು ಪತ್ರಿಕೆಗಳೂ ಪುಸ್ತಕಗಳೂ ದಶಕಗಳ ಕಾಲ ಅಚ್ಚು ಮಾಡಿದವು. ನಕಲಿ ಎನಿಸಿಕೊಂಡವರನ್ನು ಪ್ರೀತಿಸಿದವರಿಗೆ ಇದಕ್ಕಿಂತ ಸಿಹಿಯಾದ ಅಂಕಿ ಬೇರೊಂದಿಲ್ಲ. ಆದರೆ ಅದು ನಿಜವಲ್ಲ. 1977ರಲ್ಲಿ ನೆಸ್ಮಿತ್ ಸಂದರ್ಶಕನೊಬ್ಬನಿಗೆ ಬೇಕೆಂದೇ ಹೇಳಿದ ಸುಳ್ಳು ಅದು. 2017ರಲ್ಲಿ ಪ್ರಕಟವಾದ "ಇನ್ಫಿನಿಟ್ ಟ್ಯೂಸ್‌ಡೇ" ಎಂಬ ತಮ್ಮ ಆತ್ಮಕಥನದಲ್ಲಿ ಅವರೇ ಇದನ್ನು ಬಿಚ್ಚಿ ಬರೆದಿದ್ದಾರೆ. ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ನಂಬಬಾರದೆಂದು ತೋರಿಸಲು ಹೇಳಿದ ಸುಳ್ಳೇ ಪತ್ರಿಕೆಗಳಲ್ಲಿ ಬಂದು ನಂಬಿಕೆಯಾಯಿತು. ಟೈಪು ಮಾಡುವಾಗ ಆದ ತಪ್ಪನ್ನು ಅಳಿಸುವ ಬಿಳಿಯ ದ್ರವ, "ಲಿಕ್ವಿಡ್ ಪೇಪರ್", ಈ ನೆಸ್ಮಿತ್ ಅವರ ತಾಯಿ ಬೆಟ್ಟಿ ಅವರು ಕಂಡುಹಿಡಿದದ್ದು. ಮಗ ಮಾಡಿದ ಈ ಒಂದು ತಪ್ಪನ್ನು ಅಳಿಸಲು ಅಂಥ ದ್ರವ ಯಾವುದೂ ಸಾಲದಾಯಿತು.

ಈ ಅಂಕಿಯ ವಿಷಯದಲ್ಲಿ ಅಭಿಮಾನಿಗಳು ಎರಡು ಪಂಗಡವಾಗುತ್ತಾರೆ. ಮೇಳದವರೇ ಅಲ್ಲಗಳೆದ ಮಾತನ್ನು ಇನ್ನೂ ಹೇಳಿಕೊಂಡು ಹಿಗ್ಗುವವರು ಒಂದು ಪಂಗಡ. ವಾರ್ತೆಯಲ್ಲಿ ಆ ಅಂಕಿ ಮತ್ತೆ ಬಂದಾಗಲೆಲ್ಲ "ಇದು ನಮ್ಮನ್ನು ಹೊಗಳುತ್ತದೆ, ಆದರೂ ಸುಳ್ಳು" ಎಂದು ತಿದ್ದುವವರು ಇನ್ನೊಂದು. ಚಿನ್ನದ ಸೂಜಿಯೆಂದು ಕಣ್ಣಿಗೆ ಚುಚ್ಚಿಕೊಳ್ಳಲಾದೀತೆ? ಎರಡನೆಯ ಪಂಗಡದವರನ್ನೇ ನಾನು ಅಭಿಮಾನಿಗಳೆಂದು ಕರೆಯುವುದು. ಅವರು ಹೇಳಿದ ಇತರ ಮಾತುಗಳಿಗೆ, ಅಂದರೆ "ಹೆಡ್‌ಕ್ವಾರ್ಟರ್ಸ್" ಬಗ್ಗೆ, ಮ್ಯಾನ್ಸನ್ ಬಗ್ಗೆ, ಹೆಂಡ್ರಿಕ್ಸ್ ಬಗ್ಗೆ ಹೇಳಿದ್ದಕ್ಕೆ, ಬೆಲೆ ಬರುವುದೂ ಇದರಿಂದಲೇ. ತನಗೆ ನಷ್ಟವಾದರೂ ನಿಜವನ್ನು ಬಿಡದವನು ತನಗೆ ಲಾಭವಾಗುವ ಮಾತನ್ನು ಹೇಳಿದಾಗ ಅದನ್ನು ನಂಬಬಹುದು.

ಇದಕ್ಕೆ ಎರಡು ಆಕ್ಷೇಪಗಳು ಬರುವುದು ಸಹಜ. ಟೆಲಿವಿಷನ್ನಿನ ನಗೆಮೇಳವೊಂದಕ್ಕಾಗಿ ಇಷ್ಟೆಲ್ಲ ಪರಿಶೋಧನೆ ಏತಕ್ಕೆ, ಈ ಶ್ರದ್ಧೆಯನ್ನು ಮಹಾಕವಿಯೊಬ್ಬನ ಪಾಠಾಂತರಗಳಿಗೆ ಕೊಡಬಾರದೆ ಎನ್ನುವವರುಂಟು. ಕೊಡಬೇಕು, ನಿಜ. ಆದರೆ ತಾಳೆಗರಿಯ ಪ್ರತಿಗಳನ್ನು ಹೋಲಿಸುವ ವಿದ್ವಾಂಸನೂ, ಸ್ಟುಡಿಯೋದ ಹಾಳೆಗಳನ್ನು ಹೋಲಿಸುವ ಅಭಿಮಾನಿಯೂ ಮಾಡುವ ಕೆಲಸ ಒಂದೇ ಜಾತಿಯದು: ಮೊದಲು ಹೇಳಿದವರು ಯಾರು, ಎಂದು ಹೇಳಿದರು, ಅದಕ್ಕೆ ಆಧಾರವೇನು ಎಂದು ಕೇಳುವುದು. ವಸ್ತು ಹಗುರವಾದ ಮಾತ್ರಕ್ಕೆ ಪ್ರಶ್ನೆ ಹಗುರವಾಗುವುದಿಲ್ಲ. ತಾನು ಪ್ರೀತಿಸುವ ಹಾಡಿನ ವಿಷಯದಲ್ಲಿ ಈ ಪ್ರಶ್ನೆಗಳನ್ನು ಕೇಳಲು ಕಲಿತ ವಿದ್ಯಾರ್ಥಿ ನಾಳೆ ದೊಡ್ಡ ವಿಷಯಗಳಲ್ಲಿಯೂ ಕೇಳುವನೆಂದು ನನ್ನ ನಂಬಿಕೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಅಭಿಮಾನಿಯ ಕುತೂಹಲಕ್ಕೆ ಬೇಲಿಯಿಲ್ಲ. ಕಲಾವಿದನ ಕೃತಿಯನ್ನು ಕೆದಕಿದಂತೆ ಅವನ ದೇಹಾರೋಗ್ಯವನ್ನೂ ಮನೆಯ ಸಂಗತಿಯನ್ನೂ ಕೆದಕುತ್ತಾನೆ ಎಂಬುದು. ಇದನ್ನು ಅಲ್ಲವೆನ್ನಲು ನನ್ನಿಂದಾಗದು. 2018ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಗಿದ್ದ ನೆಸ್ಮಿತ್, ಡೊಲೆನ್ಜ್ ಅವರೊಡನೆ 2021ರ ನವೆಂಬರಿನಲ್ಲಿ ಕೊನೆಯ ಪ್ರವಾಸವನ್ನು ಮುಗಿಸಿ, ಒಂದು ತಿಂಗಳೊಳಗೆ ತೀರಿಕೊಂಡರು. ಬಳಲಿದ ಮುದುಕರೊಬ್ಬರು ರಂಗದ ಮೇಲೆ ನಿಂತಾಗ, ಅವರು ಎಷ್ಟು ಹೊತ್ತು ಕುಳಿತರು, ಯಾವ ಸಾಲನ್ನು ಮರೆತರು ಎಂದು ಎಣಿಸುವ ಅಭಿಮಾನ ತನ್ನ ಅಳತೆಗೋಲನ್ನು ತಪ್ಪಾದ ಕಡೆ ಇಡುತ್ತದೆ. ಧ್ವನಿಮುದ್ರಿಕೆ ಲೋಕದ ಸ್ವತ್ತು, ಶರೀರ ಅಲ್ಲ. ಎಲ್ಲಿ ಅಳೆಯಬೇಕೆಂಬುದರಷ್ಟೇ ಎಲ್ಲಿ ಅಳೆಯಬಾರದೆಂಬುದೂ ಅಭಿಮಾನಿ ಕಲಿಯಬೇಕಾದ ಪಾಠ.

ಡೇವಿ ಜೋನ್ಸ್ 2012ರ ಫೆಬ್ರವರಿ 29ರಂದು, ಪೀಟರ್ ಟಾರ್ಕ್ 2019ರ ಫೆಬ್ರವರಿ 21ರಂದು, ಮೈಕೆಲ್ ನೆಸ್ಮಿತ್ 2021ರ ಡಿಸೆಂಬರ್ 10ರಂದು ಕಾಲವಾದರು. ಅವರ ಬಳಿಕ ಉಳಿದ ಡೊಲೆನ್ಜ್ 2022ರಲ್ಲಿ ಅಮೆರಿಕದ ಗೂಢಚಾರ ಇಲಾಖೆಯಾದ ಎಫ್.ಬಿ.ಐ. ಮೇಲೆ ದಾವೆ ಹೂಡಿ, ತಮ್ಮ ಮೇಳವನ್ನು ಕುರಿತು ಅದು 1967ರಲ್ಲಿ ಬರೆದಿಟ್ಟ ಕಡತವನ್ನು ಪೂರ್ತಿಯಾಗಿ ತೋರಿಸಬೇಕೆಂದು ಕೇಳಿದರು. ಹೊರಗೆ ಬಿಟ್ಟಿದ್ದ ಹಾಳೆಗಳಲ್ಲಿ ಬಹಳ ಸಾಲುಗಳನ್ನು ಕಪ್ಪು ಮಸಿಯಿಂದ ಮುಚ್ಚಲಾಗಿತ್ತು. ಬದುಕಿದ್ದವರೇ ತಮ್ಮ ಚರಿತ್ರೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದರೆ, ಕಾಲವಾದವರ ಪರವಾಗಿ ಕೇಳುವವರು ಯಾರು? ಸತ್ತವರು ಪತ್ರಿಕೆಗೆ ತಿದ್ದುಪಡಿ ಬರೆಯಲಾರರು. ವಾರ್ತೆ ಬರೆಯುವವನು ಅವಸರದಲ್ಲಿ ಹಳೆಯ ವಾರ್ತೆಯನ್ನೇ ನಕಲು ಮಾಡುತ್ತಾನೆ. ಮುಂದಿನವನು ಆ ನಕಲನ್ನು ನಕಲು ಮಾಡುತ್ತಾನೆ. ಆ ಸರಪಳಿಯ ನಡುವೆ ನಿಂತು "ಸ್ವಲ್ಪ ತಾಳಿ, ಇದು ಹಾಗಲ್ಲ" ಎನ್ನುವವನು ಒಬ್ಬ ಬೇಕು. ಬಹುಮಟ್ಟಿಗೆ ಅವನು ಸಂಬಳವಿಲ್ಲದ ಅಭಿಮಾನಿಯೇ ಆಗಿರುತ್ತಾನೆ.

ನಮ್ಮ ವಿದ್ಯಾರ್ಥಿಗಳಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ. ನೀವು ಮೆಚ್ಚಿದ ಕವಿ, ನಟ, ಗಾಯಕ ಯಾರೇ ಆಗಲಿ, ಅವರನ್ನು ಕುರಿತು ನಿಮಗೆ ಅತ್ಯಂತ ಪ್ರಿಯವಾದ ಸಂಗತಿ ಯಾವುದೋ ಅದನ್ನೇ ಮೊದಲು ವಿಚಾರಿಸಿ ನೋಡಿ. ಅದು ನಿಜವಾಗಿದ್ದರೆ ನಿಮ್ಮ ಮೆಚ್ಚುಗೆ ಗಟ್ಟಿಯಾಗುತ್ತದೆ. ಸುಳ್ಳಾಗಿದ್ದರೆ ಬಿಟ್ಟುಬಿಡಿ, ಒಳ್ಳೆಯ ಹಾಡು ಅದರಿಂದ ಕೆಡುವುದಿಲ್ಲ. ಮೂರೂವರೆ ಕೋಟಿಯ ಲೆಕ್ಕ ಸುಳ್ಳೆಂದು ತಿಳಿದ ಮೇಲೂ "ಐ ಆಮ್ ಎ ಬಿಲೀವರ್" ಕೇಳಿ ಸಂತೋಷಪಡುವವರು ಎಷ್ಟೋ ಮಂದಿ ಇದ್ದಾರೆ.